ಖಾಕಿ ಚೂರು ಕಟ್ಟಿದ ಫ್ಯಾನು

ಟೈಲರಮ್ಮ ಇವತ್ತೂ ಬರಲಿಲ್ಲ. ಅಂಗಡಿಯ ಮುಂದಿನ ನೆರಳು ಕುಗ್ಗುತ್ತಾ ಬಂದು ಮೆಟ್ಟಿಲಿನ ಬುಡದಲ್ಲಿ ನಿಂತಾಗ ರಿಪೇರಿಯವನಿಗೆ ಅದು ಖಾತ್ರಿಯಾಯಿತು. ಬರುವುದಿದ್ದರೆ ನೆರಳು ಇನ್ನೂ ಅರ್ಧ ರಸ್ತೆಯಲ್ಲಿರುವಾಗಲೇ ಬರುವವರು ಆಕೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ಗೋಡೆಯ ಮೇಲೆ. ನಿನ್ನೆ ಬಾರದಿದ್ದಾಗ ಅವನಿಗೆ ಹಗುರವಾಗಿತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಒಳಗೊಳಗೇ ನಕ್ಕಿದ್ದ. ಆ ಹಗುರ ಇವತ್ತು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಬರಬೇಡಿ ಎಂದವನು ತಾನೇ. ‘ಈ ಬಿಸಿಲಲ್ಲಿ ಯಾಕಮ್ಮ ಅಲೀತೀರ, ನಾಳೆ ನಾನೇ ಫ್ಯಾನು ತಂದು ಕೊಡ್ತೀನಿ’ ಎಂದು ಮೊನ್ನೆ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನ ಹಾಗೆ ಹೇಳಿ ಕಳಿಸಿದ್ದ. ಬರಬೇಡಿ ಎಂದಮೇಲೆ ಬಂದಿಲ್ಲ. ಅದರಲ್ಲಿ ಹೆದರುವಂಥದ್ದೇನಿದೆ? ಆದರೂ ಬೀದಿಯ ಕೊನೆಯಲ್ಲಿ ಹೆಣ ಸಾಗಿಸುವ ವ್ಯಾನು ತಿರುಗಿದಾಗ ಅವನ ಕೈಯಲ್ಲಿದ್ದ ತಂತಿ ಜಾರಿ, ಸುತ್ತು ಎಷ್ಟಾಗಿತ್ತೆಂಬುದು ಮರೆತುಹೋಯಿತು. ಕಾಯಿಲನ್ನು ಬಿಚ್ಚಿ ಮತ್ತೆ ಮೊದಲಿಂದ ಸುತ್ತಬೇಕು.

ಮೊದಮೊದಲು ಆ ವ್ಯಾನು ಬಂದರೆ ಜನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರು, ಯಾರ ಮನೆ ಎಂದು ವಿಚಾರಿಸುತ್ತಿದ್ದರು. ಈಗ ಯಾರೂ ಏಳುವುದಿಲ್ಲ. ಹಾಲಿನ ಗಾಡಿ, ಕಸದ ಗಾಡಿ, ಅದರ ಹಿಂದೆ ಇದು. ಈ ಸೆಕೆಗೆ ಸಾಯುವವರು ಗಲಾಟೆ ಮಾಡದೆ ಸಾಯುತ್ತಿದ್ದರು. ಮಧ್ಯಾಹ್ನ ಮಲಗಿದವರು ಸಂಜೆ ಏಳುತ್ತಿರಲಿಲ್ಲ, ಅಷ್ಟೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಅವನ ಹೆಂಡತಿ ಸಂಜೆ ಬಂದು ಚಪ್ಪಲಿ ಬಿಡುತ್ತಾ, ‘ಇವತ್ತೂ ಬೆಡ್‌ಶೀಟ್ ಸಾಲ್ಲಿಲ್ಲ ಕಣ್ರೀ, ಪರದೆ ಬಿಚ್ಚಿ ಹೊದಿಸಿದ್ರು’ ಎನ್ನುತ್ತಿದ್ದಳು, ಅಡುಗೆಗೆ ಉಪ್ಪು ಸಾಲಲಿಲ್ಲ ಎಂಬಂತೆ. ಊರಿನ ಫ್ಯಾನುಗಳೆಲ್ಲ ಹಗಲೂ ರಾತ್ರಿ ಓಡಿ ಓಡಿ ಸುಟ್ಟುಹೋಗಿ ಅವನ ಅಂಗಡಿಗೆ ಬಂದು ಬಿದ್ದಿದ್ದವು. ಕಾಲಿಡಲು ಜಾಗವಿಲ್ಲ. ಮೊನ್ನೆ ಒಬ್ಬ ಗಿರಾಕಿ ಒಳಗೆ ಇಣುಕಿ, ‘ಏನ್ ಸ್ವಾಮಿ, ಇಷ್ಟೊಂದು ಫ್ಯಾನಿದೆ, ಒಂದ್ರದ್ದಾದ್ರೂ ಗಾಳಿ ಇಲ್ವಲ್ಲ!’ ಎಂದಿದ್ದ. ಎಲ್ಲರೂ ನಕ್ಕಿದ್ದರು. ಟೈಲರಮ್ಮನೂ ಅಲ್ಲೇ ಸ್ಟೂಲಿನ ಮೇಲೆ ಕೂತು ನಕ್ಕಿದ್ದರು. ಆಕೆಯ ನಗು ನೋಡಲಾರದೆ ಅವನು ಬೆಸುಗೆ ಹಾಕುವ ಕಡ್ಡಿಯನ್ನು ಸುಮ್ಮನೆ ಒರೆಸುತ್ತಾ ಕೂತಿದ್ದ.

ಅಂಗಡಿಯ ಹಲಗೆಯ ಮೇಲೆ ಅವನ ಗುರುವಿನ ಕಾಲದಿಂದಲೂ ಒಂದು ಮಾತು ಬರೆದಿದೆ: ಓಡಿಸಿ ನೋಡಿಯೇ ಕೊಡಲಾಗುವುದು. ಹೊಸದಾಗಿ ಕಾಯಿಲ್ ಕಟ್ಟಿದ ಫ್ಯಾನನ್ನು ಇಡೀ ಒಂದು ದಿನ ಬಿಡದೆ ಓಡಿಸಬೇಕು, ನಡುನಡುವೆ ಅದರ ಬೆನ್ನಿಗೆ ಅಂಗೈ ಇಟ್ಟು ಕಾವು ನೋಡಬೇಕು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಕೈ ತಡೆಯುವಷ್ಟು ಕಾವಾದರೆ ಕೊಡಬಹುದು, ಕೈ ಎಳೆದುಕೊಳ್ಳುವ ಹಾಗಾದರೆ ಬಿಚ್ಚಬೇಕು. ಟೆಸ್ಟಿಂಗ್‌ನಲ್ಲಿದೆ ಎಂದರೆ ಗಿರಾಕಿಗಳು ಮಾರುತ್ತರ ಕೊಡುತ್ತಿರಲಿಲ್ಲ. ಆದರೆ ಈ ಬೇಸಿಗೆ ಬಂದಮೇಲೆ ಅದೆಲ್ಲ ಗಾಳಿಗೆ ತೂರಿಹೋಗಿತ್ತು. ಬಂದು ಜಗಳವಾಡಿದವರ ಫ್ಯಾನನ್ನು ವಾರ್ನಿಷ್ ಒಣಗುವ ಮೊದಲೇ ಕೊಟ್ಟು ಕಳಿಸಿದ್ದ. ಮೇಜು ಕುಟ್ಟಿದವರದ್ದು ಮೊದಲು, ಕಣ್ಣೀರು ಹಾಕಿದವರದ್ದು ಆಮೇಲೆ. ಓಡಿಸಿ ನೋಡಲು ಉಳಿದದ್ದು ಒಂದೇ ಒಂದು ಫ್ಯಾನು, ಕುಟ್ಟದೆ ಅಳದೆ ಕೂತಿದ್ದ ಟೈಲರಮ್ಮನದ್ದು. ಅದು ಅಂಗಡಿಯಲ್ಲಿ ಇರಲೂ ಇಲ್ಲ.

ಅದು ಅವನ ಮನೆಯಲ್ಲಿ ಓಡುತ್ತಿತ್ತು. ದೀಪದ ಬುಡದಲ್ಲೇ ಕತ್ತಲು ಎನ್ನುವ ಹಾಗೆ, ಊರಿನ ಫ್ಯಾನು ರಿಪೇರಿ ಮಾಡುವವನ ಮನೆಯ ಫ್ಯಾನು ಸುಟ್ಟುಹೋಗಿ, ಅದಕ್ಕೆ ಬೇಕಾದ ಅಳತೆಯ ತಾಮ್ರದ ತಂತಿ ಪೇಟೆಯಲ್ಲೆಲ್ಲೂ ಸಿಕ್ಕದೆ ಹೋದ ದಿನವೇ ಮಾವ ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದಿದ್ದರು. ಹೆಂಡತಿಯ ಅಪ್ಪ, ಆಯಸ್ಸೆಲ್ಲ ಬಸ್ಸು ಓಡಿಸಿದವರು, ಇಂಜಿನ್ನಿನ ಪಕ್ಕ ಕೂತೂ ಕೂತೂ ನನಗೆ ಬಿಸಿ ಹತ್ತೋದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ ಭಾರೀ ಆಳು. ಮೈ ಕಾದ ಕಾವಲಿಯಂತಾಗಿತ್ತು, ಆದರೆ ಒಂದು ಹನಿ ಬೆವರಿಲ್ಲ. ಬೆವರು ನಿಂತರೆ ಹೋದ ಹಾಗೇ ಎಂದು ಹೆಂಡತಿ ಆಸ್ಪತ್ರೆಯಲ್ಲಿ ಕೇಳಿ ಬಲ್ಲಳು. ಇಬ್ಬರೂ ಸೇರಿ ನೀರು ಹುಯ್ದರು. ಡಾಕ್ಟರು ಬಂದು, ಒದ್ದೆ ಬಟ್ಟೆ ಹೊದಿಸಿ ಸದಾ ಗಾಳಿ ಆಡೋ ಹಾಗೆ ನೋಡ್ಕೊಳ್ಳಿ, ಆಸ್ಪತ್ರೆಯಲ್ಲಿ ನೆಲದ ಮೇಲೂ ಜಾಗ ಇಲ್ಲ ಎಂದು ಹೋದರು. ಅವತ್ತೇ ಸಂಜೆ ಟೈಲರಮ್ಮನ ಫ್ಯಾನಿನ ಕಾಯಿಲ್ ಮುಗಿದಿತ್ತು. ಟೆಸ್ಟಿಂಗ್ ಎಲ್ಲಿ ಮಾಡಿದರೇನು, ಅಂಗಡಿಯ ಕರೆಂಟೂ ಮನೆಯ ಕರೆಂಟೂ ಒಂದೇ ತಾನೇ ಎಂದುಕೊಂಡು ಅದನ್ನು ಹೊತ್ತು ತಂದಿದ್ದ. ಹಳೇ ಕಾಲದ ಕಬ್ಬಿಣದ ಮೇಜು ಫ್ಯಾನು, ಅಂಥವು ಊರಲ್ಲಿ ಬೇಕಾದಷ್ಟಿವೆ. ಇದಕ್ಕಿದ್ದ ಗುರುತು ಒಂದೇ: ಮುಂದಿನ ಜಾಲರಿಗೆ ಖಾಕಿ ಬಟ್ಟೆಯ ಒಂದು ಚೂರು ಕಟ್ಟಿತ್ತು. ಟೈಲರಮ್ಮ ಬಸ್ ಡಿಪೋದ ಡ್ರೈವರುಗಳಿಗೆ ಯೂನಿಫಾರ್ಮು ಹೊಲಿಯುತ್ತಿದ್ದವರು. ಮೆಷಿನ್ನಿನ ಸದ್ದಿನಲ್ಲಿ ಫ್ಯಾನು ಓಡುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ, ಚೂರು ಹಾರುತ್ತಿದ್ದರೆ ಕರೆಂಟಿದೆ ಎಂದು ಲೆಕ್ಕ. ಮನೆಯ ಬಾಗಿಲು ತಟ್ಟುವ ಮೊದಲು ಅವನು ಮೆಟ್ಟಿಲ ಮೇಲೆ ನಿಂತು ಆ ಚೂರನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಜಾಲರಿ ಒರೆಸುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಜಾಲರಿಯನ್ನೇನೂ ಒರೆಸಲಿಲ್ಲ.

ಮಾರನೆಯ ದಿನವೇ ಕೊಟ್ಟುಬಿಡುವುದೆಂದು ಇತ್ತು. ಅದೇನೂ ಸುಳ್ಳಲ್ಲ. ಮಾರನೆಯ ಬೆಳಿಗ್ಗೆ ಮಾವ ಕಣ್ಣುಬಿಟ್ಟು, ‘ಒಳ್ಳೆ ಗಾಳಿ ಕಣೋ ಅಳಿಯ ಇದರದ್ದು. ಯಾರದ್ದು?’ ಎಂದಿದ್ದರು. ಗಿರಾಕಿದು ಎಂದಿದ್ದ. ಹೆಂಡತಿ ಬಾಗಿಲಲ್ಲಿ ನಿಂತು, ಅಪ್ಪನಿಗೆ ಕೇಳಿಸದ ಹಾಗೆ, ‘ನಾಳೆ ಕೊಡಿ’ ಎಂದಿದ್ದಳು. ಯಾರದೆಂದು ಅವಳು ಕೇಳಲಿಲ್ಲ. ಅಂಗಡಿಗೆ ಬಂದರೆ ಟೈಲರಮ್ಮ ಆಗಲೇ ಛತ್ರಿ ಮಡಿಸುತ್ತಾ ನಿಂತಿದ್ದರು. ‘ಆಯ್ತೇನಪ್ಪಾ?’ ‘ಟೆಸ್ಟಿಂಗ್‌ನಲ್ಲಿದೆ ಅಮ್ಮ. ನಾಳೆ.’ ಆಕೆ ಸುತ್ತ ಕಣ್ಣಾಡಿಸಿದರು. ‘ಎಲ್ಲೂ ಕಾಣಲ್ವಲ್ಲ?’ ‘ಒಳಗಿದೆ.’ ಅಂಗಡಿಗೆ ಒಳಗೆ ಎಂಬುದಿದ್ದರೆ ಒಂದು ಪರದೆ, ಪರದೆಯ ಹಿಂದೆ ಒಂದು ಮೊಳ ಜಾಗ. ಆಕೆ ತಲೆ ವಾರೆ ಮಾಡಿ ಆಲಿಸಿದರು. ‘ಓಡ್ತಿರೋ ಸದ್ದೇ ಕೇಳಲ್ವಲ್ಲಪ್ಪಾ.’ ‘ಹೊಸ ಬುಶ್ ಹಾಕಿದೀನಿ ಅಮ್ಮ. ಇನ್ಮೇಲೆ ಸದ್ದೇ ಬರಲ್ಲ.’ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಆಕೆಯ ಮುಖ ಅರಳಿತು. ‘ಹಾಗಾದ್ರೆ ಚೆನ್ನಾಗೇ ಮಾಡಿದೀಯ ಬಿಡು. ಅವಸರ ಮಾಡ್ಬೇಡ. ನಾನೂ ಅಷ್ಟೇ, ಕಾಜಾ ಗಟ್ಟಿ ಇಲ್ದೆ ಯಾವತ್ತೂ ಶರ್ಟು ಕೊಟ್ಟೋಳಲ್ಲ.’ ಹಾಗೆಂದು, ಕೊಟ್ಟ ನೀರು ಕುಡಿದು, ಗೋಡೆ ಹಿಡಿದುಕೊಂಡು ಬಿಸಿಲಿಗೆ ಇಳಿದಿದ್ದರು. ಅದಾದ ಮೇಲೆ ನಾಳೆ ಎಂಬುದು ದಿನಾ ಬಂತು. ಆಕೆಯೂ ದಿನಾ ಬಂದರು, ಮೊನ್ನೆಯವರೆಗೆ.

ಅವನು ಅರ್ಧ ಸುತ್ತಿದ ಕಾಯಿಲನ್ನು ಹಾಗೇ ಬಿಟ್ಟು ಎದ್ದು ಬಾಗಿಲು ಎಳೆದ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿ ಅಂಟಿ ಬಿಡುತ್ತಿತ್ತು. ಮನೆಯಲ್ಲಿ ಮಾವ ಬನಿಯನ್ನಿನಲ್ಲಿ, ಎದೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಫ್ಯಾನಿನ ಎದುರಿಗೆ ರಾಜನ ಹಾಗೆ ಒರಗಿದ್ದರು. ‘ಏನಳಿಯಂದಿರು ಇಷ್ಟು ಬೇಗ ದಯಮಾಡಿಸಿದಿರಿ? ಬಾಗಿಲು ಹಾಕು ಮಾರಾಯ, ಬಿಸಿ ಒಳಗೆ ಬರುತ್ತೆ.’ ಫ್ಯಾನು ಕೊಡಬೇಕು ಎಂದ. ‘ಇವತ್ತೇನಾ? ನಾಳೆ ಕೊಟ್ರಾಗಲ್ವೇನೋ?’ ಮಾವ ಅವನ ಮುಖ ನೋಡಿ, ‘ಹೋಗ್ಲಿ ತಗೊಂಡೋಗು. ನಾಳೆ ಅಂದವನ ಮನೆ ಹಾಳು ಅಂತಾರೆ. ನಾನು ಇಂಜಿನ್ ಪಕ್ಕ ಕೂತವನು, ನನಗೇನಾಗಲ್ಲ’ ಎಂದರು. ಅವನು ಬಕೆಟಿನಲ್ಲಿ ನೀರು ತುಂಬಿ ಕೈಗೆ ಸಿಗುವ ಹಾಗೆ ಇಟ್ಟ, ಟವೆಲು ಹಿಂಡಿ ಮತ್ತೆ ಹೊದಿಸಿದ. ಸ್ವಿಚ್ಚು ಆರಿಸಿದಾಗ ರೆಕ್ಕೆ ನಿಧಾನವಾಗುತ್ತಾ ಬಂದು ನಿಂತಿತು, ಕೋಣೆಯ ಬಿಸಿ ಹೊಂಚು ಹಾಕಿದ್ದಂತೆ ಒಮ್ಮೆಲೇ ಮೈಮೇಲೆ ಬಿತ್ತು. ಈ ಮನುಷ್ಯನನ್ನು ತಾನು ಅಂಥಾ ಪ್ರೀತಿಯಿಂದೇನೂ ನೋಡಿಕೊಂಡಿಲ್ಲ. ಊಟಕ್ಕೆ ಕೂತಾಗಲೆಲ್ಲ ಗೊಣಗಾಡುವವರು, ಮದುವೆಯಲ್ಲಿ ನನ್ನ ಮಗಳಿಗೆ ಇಂಥಾ ತಂತಿ ಸುತ್ತೋನು ಸಿಕ್ಕನಲ್ಲ ಎಂದು ಎಲ್ಲರೆದುರು ಅಂದವರು. ಟೈಲರಮ್ಮ ತನ್ನನ್ನು ಯಾವತ್ತೂ ಏನೂ ಅಂದವರಲ್ಲ. ಯಾರು ಬದುಕಬೇಕು ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ! ಯಾರೂ ಕೇಳಲಿಲ್ಲ, ಅದಕ್ಕೇ ಇಷ್ಟು ಸುಲಭವಾಗಿ ಉತ್ತರ ಕೊಟ್ಟುಬಿಟ್ಟೆ ಎಂದುಕೊಂಡ. ಮೆಟ್ಟಿಲಿನ ಮೇಲೆ ನಿಂತು ಜೇಬಿನಿಂದ ಖಾಕಿ ಚೂರನ್ನು ತೆಗೆದು ಜಾಲರಿಗೆ ಮೊದಲಿದ್ದ ಜಾಗದಲ್ಲೇ ಕಟ್ಟಿದ. ಚೂರು ಬೆವರಿಗೆ ಒದ್ದೆಯಾಗಿತ್ತು.

ಟೈಲರಮ್ಮನ ಕೋಣೆ ಕಟ್ಟಡದ ತುತ್ತತುದಿಯಲ್ಲಿ, ತಾರಸಿಯ ಮೇಲೆ, ತಗಡಿನ ಅಡಿಯಲ್ಲಿತ್ತು. ಫ್ಯಾನು ಹೊತ್ತು ಹತ್ತುವಾಗ ಅವನಿಗೆ ಹೊಳೆದದ್ದು, ಆಕೆ ಇದನ್ನು ಒಬ್ಬರೇ ಇಳಿಸಿಕೊಂಡು ಬಂದಿದ್ದರು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒರಗಿಸಿಕೊಂಡು. ಆಮೇಲೆ ದಿನಾ ಬರಿಗೈಯಲ್ಲಿ ಇಳಿದು ಬರಿಗೈಯಲ್ಲೇ ಹತ್ತಿದ್ದರು. ಮಾತುಗಳನ್ನು ಜೋಡಿಸಿಕೊಂಡ: ತಂತಿ ಸಿಕ್ಕಿರಲಿಲ್ಲ ಅಮ್ಮ, ಇಲ್ಲ, ಕರೆಂಟು ಕೈಕೊಟ್ಟಿತ್ತು, ಇಲ್ಲ, ಕಂಡೆನ್ಸರು ಹೋಗಿತ್ತು. ಆಕೆ ಯಾವುದನ್ನಾದರೂ ನಂಬುತ್ತಾರೆ, ನಂಬಿ ಒಂದು ಲೋಟ ನೀರು ಕೊಡುತ್ತಾರೆ. ಮೇಲೆ ಬಾಗಿಲು ತೆರೆದಿತ್ತು. ಹೋದ ಜೀವ ಬಂದಂತಾಯಿತು. ಒಳಗೆ ಒಬ್ಬ ಹೆಂಗಸು ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ಹಾಸಿಗೆಯಿಲ್ಲದ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಫಿನಾಯಿಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ.

‘ಯಾರು?’

‘ಟೈಲರಮ್ಮ...’

‘ದೊಡ್ಡಮ್ಮ ಹೋದ್ರು,’ ಎಂದಳು ಆಕೆ, ಒರೆಸುವುದನ್ನು ನಿಲ್ಲಿಸದೆ. ‘ನಿನ್ನೆ ಬೆಳಿಗ್ಗೆ ಕೆಳಗಿನ ಮನೆಯವರು ನೋಡಿದ್ದು. ರಾತ್ರೀನೇ ಆಗಿರ್ಬೇಕು. ನಿನ್ನೆ ಸಂಜೇನೇ ಮುಗಿಸಿದ್ವಿ. ಸ್ಮಶಾನದಲ್ಲೂ ಸರದಿ.’ ಆಮೇಲೆ ತಲೆ ಎತ್ತಿದವಳ ಕಣ್ಣು ಫ್ಯಾನಿನ ಮೇಲೆ, ಖಾಕಿ ಚೂರಿನ ಮೇಲೆ ನಿಂತಿತು. ‘ಓ. ನೀವಾ.’

ಅವನಿಗೆ ಫ್ಯಾನನ್ನು ಕೆಳಗಿಡಬೇಕೆನಿಸಿತು, ಆದರೆ ನೆಲ ಒದ್ದೆ. ತೋಳು ಸೋಲುತ್ತಿತ್ತು. ಅಂಥ ಹೊತ್ತಿನಲ್ಲೂ ತೋಳು ನೋಯುತ್ತದಲ್ಲ ಎಂದು ನಾಚಿಕೆಯಾಯಿತು.

‘ಮೊನ್ನೆ ಸಂಜೆ ಬಂದು ಕರೆದೆ,’ ಎಂದಳು ಆಕೆ. ‘ಇದೇನು ಮನೇನಾ, ಒಲೆನಾ, ನಮ್ಮನೆಗೆ ಬಾ ದೊಡ್ಡಮ್ಮ, ನಾಲ್ಕು ದಿನ ಇದ್ದು ಬರೋವಂತೆ ಅಂದೆ. ಇಲ್ಲ ಕಣೆ, ನಾಳೆ ಫ್ಯಾನು ತರ್ತಾನೆ ಆ ರಿಪೇರಿ ಹುಡುಗ, ಅಷ್ಟು ಮೆಟ್ಲು ಹತ್ತಿ ಬಂದೋನು ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಕಾ ಅಂದ್ಲು.’ ಬಟ್ಟೆಯನ್ನು ಬಕೆಟಿಗೆ ಹಿಂಡಿದಳು. ‘ನಿಮ್ಮನ್ನ ಹೊಗಳ್ತಿದ್ಲು. ಈಗಿನ ಕಾಲದಲ್ಲಿ ಯಾರು ಇಷ್ಟು ದಿನ ಓಡಿಸಿ ನೋಡಿ ಕೊಡ್ತಾರೆ ಅಂತ.’

ಇಲ್ಲಿಗೆ ಮುಗಿಸಬಹುದಾಗಿತ್ತು. ಛೆ, ಎಂಥಾ ಕೆಲಸ ಆಯ್ತು ಎಂದು ಲೊಚಗುಟ್ಟಿ, ಫ್ಯಾನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಳಿದು ಹೋದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸತ್ತವರ ಬಾಯಿಂದ ಒಳ್ಳೆಯವನು ಎನ್ನಿಸಿಕೊಂಡಾಗಿತ್ತು, ಅದನ್ನು ಇನ್ನು ಯಾರೂ ತಿದ್ದುವ ಹಾಗಿರಲಿಲ್ಲ. ಆದರೆ ಆ ಹೊಗಳಿಕೆಯನ್ನು ಹೊತ್ತು ಮೆಟ್ಟಿಲಿಳಿಯುವುದು ಅವನಿಂದ ಸಾಧ್ಯವೇ ಇರಲಿಲ್ಲ. ಅದೇನು ಒಳ್ಳೆಯತನವಲ್ಲ, ವಾಂತಿ ಬಂದ ಹಾಗೆ ಬಂತು.

‘ಆಗಿತ್ತು. ಫ್ಯಾನು ಯಾವತ್ತೋ ಆಗಿತ್ತು. ನಮ್ಮನೇಲಿ ಓಡ್ತಿತ್ತು.’

ಆಕೆ ಹಿಮ್ಮಡಿಯ ಮೇಲೆ ಕೂತಳು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

‘ಯಾರಿಗೆ?’

‘ಮಾವನಿಗೆ. ಹೆಂಡ್ತಿ ಅಪ್ಪ. ಬಿದ್ದುಬಿಟ್ಟಿದ್ರು.’

‘ಇದ್ದಾರಾ?’

‘ಇದ್ದಾರೆ.’

ಬಯ್ಯುತ್ತಾಳೆ ಎಂದು ಕಾದ. ಬಕೆಟಿನ ನೀರನ್ನು ಮುಖಕ್ಕೆ ಎರಚಿದರೂ ಆಗುತ್ತಿತ್ತು. ಬಯ್ಗುಳ ತಿಂದರೆ ಅಷ್ಟರಮಟ್ಟಿಗೆ ಹೊಟ್ಟೆ ತುಂಬುತ್ತದೆ.

‘ಈಗ ಅವ್ರ ಹತ್ರ ಯಾವ ಫ್ಯಾನಿದೆ?’ ಎಂದು ಕೇಳಿದಳು.

ಅವನು ಫ್ಯಾನನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ.

‘ಮತ್ತೆ ಅದನ್ನ ಇಲ್ಲಿಗ್ಯಾಕೆ ತಂದ್ರಿ?’ ಎಂದಳು. ಕೊಂಕಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳಿದಂತೆ. ‘ಇಲ್ಲಿ ಯಾರಿಗೆ ಬೇಕು? ತಗೊಂಡೋಗಿ.’ ಮತ್ತೆ ಮೊಣಕಾಲೂರಿ ಒರೆಸತೊಡಗಿದಳು. ಅವನು ಹೊಸ್ತಿಲು ದಾಟಿದಮೇಲೆ ಹಿಂದಿನಿಂದ ಕೇಳಿತು, ‘ಇನ್ಮೇಲೆ ಬರ್ಬೇಡಿ.’

ಮೆಟ್ಟಿಲಿಳಿಯುವಾಗ ನಿಧಾನವಾಗಿದ್ದವನು ಬೀದಿಗೆ ಬಂದಮೇಲೆ ಓಡತೊಡಗಿದ. ಈಗ ಅವರ ಹತ್ತಿರ ಯಾವ ಫ್ಯಾನಿದೆ ಎಂಬ ಮಾತು ಕಿವಿಯಲ್ಲೇ ಇತ್ತು. ಎಷ್ಟು ಹೊತ್ತಾಗಿತ್ತು ತಾನು ಬಂದು? ಮಾವ ಸತ್ತುಹೋಗಿದ್ದರೆ ಎಂದುಕೊಂಡ. ಸತ್ತುಹೋಗಿದ್ದರೆ ಲೆಕ್ಕ ಸರಿಹೋಗುತ್ತದೇನೋ ಎಂದೂ ಒಂದು ಕ್ಷಣ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಜೋರಾಗಿ ಓಡಿದ. ಎದುರಾದ ಗಿರಾಕಿಯೊಬ್ಬ, ‘ಏನ್ ಸ್ವಾಮಿ, ಫ್ಯಾನಿಗೇ ಗಾಳಿ ಹಾಕಿಸೋಕೆ ಹೊರಟ್ರಾ?’ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವನು ಫ್ಯಾನನ್ನು ಇನ್ನಷ್ಟು ಎದೆಗೆ ಅವುಚಿಕೊಂಡ.

ಮಾವ ಇದ್ದರು. ಟವೆಲು ಒಣಗಿ ಹಪ್ಪಳದ ಹಾಗಾಗಿತ್ತು, ಬಕೆಟು ಉರುಳಿ ನೀರೆಲ್ಲ ನೆಲದ ಮೇಲೆ ಹರಿದು ಅದೂ ಒಣಗುತ್ತಾ ಬಂದಿತ್ತು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವನನ್ನು ಕಂಡು ನಗಲು ನೋಡಿದರು. ‘ವಾಪಸ್ ತಂದ್ಯಾ? ಗಿರಾಕಿ ಬೇಡ ಅಂದ್ನಾ?’ ಅವನು ಉಸಿರು ಬಿಡದೆ ಫ್ಯಾನನ್ನು ಸ್ಟೂಲಿನ ಮೇಲಿಟ್ಟು, ಪಿನ್ನು ಚುಚ್ಚಿ ಸ್ವಿಚ್ಚು ಹಾಕಿದ. ರೆಕ್ಕೆ ತಿರುಗಿತು. ಗಾಳಿ ಬಂದ ಕೂಡಲೇ ಮಾವ ಕಣ್ಣು ಮುಚ್ಚಿ, ‘ಅಬ್ಬಾ’ ಎಂದರು. ಕಣ್ಣು ತೆರೆದಾಗ ಎದುರಿಗೆ ಖಾಕಿ ಚೂರು ಪಟಪಟ ಹಾರುತ್ತಿತ್ತು.

ಅದನ್ನು ಬಿಚ್ಚುವುದು ಅವನಿಗೆ ಮರೆತೇಹೋಗಿತ್ತು.

ಮಾವ ಚೂರನ್ನೇ ನೋಡಿದರು. ‘ಇದು ಡಿಪೋ ಖಾಕಿ,’ ಎಂದರು. ‘ಟೈಲರಮ್ಮನ ಫ್ಯಾನಲ್ವೇನೋ ಇದು? ಅಳತೆ ಕೊಡೋಕೆ ಹೋದಾಗಲೆಲ್ಲ ಇದರ ಮುಂದೇನೇ ಕೂರಿಸ್ತಿದ್ಲು. ಮೊದ್ಲು ಬೆವರು ಆರಿಸ್ಕೊ, ಆಮೇಲೆ ಟೇಪು ಹಿಡೀತೀನಿ ಅನ್ನೋಳು.’ ಆಮೇಲೆ, ‘ಅವಳೇ ಬೇಡ ಅಂದ್ಲಾ?’

‘ಅವ್ರು ಹೋದ್ರು ಮಾವ. ಮೊನ್ನೆ ರಾತ್ರಿ.’

‘ಮೊನ್ನೆ ರಾತ್ರಿ.’ ಮಾವ ಅದನ್ನೇ ಹೇಳಿದರು. ಮೊನ್ನೆ ರಾತ್ರಿ ಈ ಫ್ಯಾನು ಎಲ್ಲಿತ್ತು ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೊನ್ನೆ ರಾತ್ರಿ ಅವರೇ, ಫ್ಯಾನಿನ ಕತ್ತು ಸ್ವಲ್ಪ ಈ ಕಡೆ ತಿರುಗಿಸೋ ಅಳಿಯ ಎಂದು ಕೂಗಿದ್ದರು. ಒಂದು ಕೈಯನ್ನು ಮಂಚಕ್ಕೆ ಊರಿ, ಇನ್ನೊಂದನ್ನು ಚಾಚಿ, ಸ್ವಿಚ್ಚು ಆರಿಸಿದರು. ಚೂರು ಜೋತುಬಿತ್ತು.

‘ಮಾವ.’

‘ಮಾತಾಡ್ಬೇಡಿ ನೀವು,’ ಎಂದರು. ಇಷ್ಟು ವರ್ಷದಲ್ಲಿ ತಮಾಷೆಗಲ್ಲದೆ ಅವರು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಇಬ್ಬರೂ ಕೂತರು. ಗೋಡೆಗಳು ಬಿಸಿಯನ್ನು ಉಗುಳುತ್ತಿದ್ದವು. ಹೊರಗೆ ಯಾರೋ ಯಾರನ್ನೋ ನೀರಿಗಾಗಿ ಕೂಗುತ್ತಿದ್ದರು, ವ್ಯಾನು ನಿಧಾನವಾಗಿ ಹಾದುಹೋಯಿತು. ಮಾವನ ಉಸಿರು ದೊಡ್ಡದಾಗುತ್ತಾ ಬಂತು. ಹಣೆಯ ಮೇಲಿದ್ದ ಬೆವರು ಒಂದೊಂದೇ ಹನಿಯಾಗಿ ಇಂಗಿತು, ಮತ್ತೆ ಹೊಸದು ಬರಲಿಲ್ಲ. ಬರಲಿ ಎಂದು ಕಾಯುತ್ತಾ ಅವನು ಆ ಹಣೆಯನ್ನೇ ನೋಡುತ್ತಿದ್ದ. ಕೊನೆಗೆ ಎದ್ದು ಹೋಗಿ ಅಂಗೈಯನ್ನು ಅವರ ಬೆನ್ನಿಗಿಟ್ಟ. ಕೈ ತಾನಾಗಿಯೇ ಹಿಂದಕ್ಕೆ ಬಂತು.

ಅವನು ಸ್ವಿಚ್ಚು ಹಾಕಿದ.

ಮಾವ ಬೇಡ ಎನ್ನಲಿಲ್ಲ. ತೆರೆದ ಬಾಯಿಂದ ಗಾಳಿಯನ್ನು ಕುಡಿಯುತ್ತಾ, ಕಣ್ಣಂಚಿನಲ್ಲಿ ಬಂದದ್ದನ್ನು ಒರೆಸದೆ, ಹಾಗೇ ಗೋಡೆಯ ಕಡೆ ಹೊರಳಿಕೊಂಡರು. ಟವೆಲು ನೆನೆಸಿ ತಂದು ಅವರ ಬೆನ್ನಿಗೆ ಹೊದಿಸಿ, ಅವನು ಜಾಲರಿಯ ಹತ್ತಿರ ಕೈ ಒಯ್ದ. ಗಂಟು ಒದ್ದೆಯಾಗಿ ಬಿಗಿದಿತ್ತು.

‘ಅದನ್ನ ಬಿಚ್ಚಬೇಡ,’ ಎಂದರು ಮಾವ, ಗೋಡೆಗೆ. ‘ಇರ್ಲಿ. ನಮ್ಮಿಬ್ರಿಗೂ ಕಾಣ್ಲಿ.’